ಬೀರುವಿನಲ್ಲಿ ಎಷ್ಟು ಬಟ್ಟೆ ಇರಬೇಕು?

*ಇಂದಿನ ಧಮ್ಮ ಚಿಂತನೆ*



ಕಳೆದ ವಾರ ತೃಷ್ಣೆಯ ಬಗ್ಗೆ ಓದುತ್ತಿದ್ದಾಗ ನಮ್ಮ ಬಳಗದ ಒಬ್ಬ ಉಪಾಸಿಕೆ ಒಂದು ಪ್ರಶ್ನೆ ಕೇಳಿದರು. “ತೃಷ್ಣೆ ಬಿಡಬೇಕು ಅಂತ ಓದ್ತೀವಿ, ಸರಿ. ನಮ್ಮನೆ ಬೀರು ಬಾಗಿಲು ತೆಗೆದ್ರೆ ಬಟ್ಟೆ ಮೈಮೇಲೆ ಬೀಳುತ್ತೆ. ಯಾವುದನ್ನ ಇಟ್ಕೋಬೇಕು, ಯಾವುದನ್ನ ಕೊಟ್ಟುಬಿಡಬೇಕು ಅಂತ ಬುದ್ಧರು ಎಲ್ಲಾದ್ರೂ ಹೇಳಿದ್ದಾರಾ?”

ಎಲ್ಲರೂ ನಕ್ಕರು. ಆದರೆ ಹೇಳಿದ್ದಾರೆ. ವಿನಯ ಪಿಟಕದ ಮಹಾವಗ್ಗದಲ್ಲಿ ಎಂಟನೆಯ ಅಧ್ಯಾಯ ಪೂರ್ತಿ ಬಟ್ಟೆಯದೇ ವಿಚಾರ. ಚೀವರಕ್ಖಂಧಕ ಎಂದು ಅದರ ಹೆಸರು. ಬಟ್ಟೆ ಎಲ್ಲಿಂದ ಬರಬೇಕು, ಎಷ್ಟಿರಬೇಕು, ಹೇಗೆ ಹೊಲಿಯಬೇಕು, ಯಾವ ಬಣ್ಣ ಹಾಕಬೇಕು, ಯಾರು ಹಂಚಬೇಕು, ತೀರಿಹೋದವರ ಬಟ್ಟೆ ಯಾರಿಗೆ ಸೇರಬೇಕು, ಎಲ್ಲವೂ ಅಲ್ಲಿದೆ. ಅದು ಭಿಕ್ಖುಗಳಿಗಾಗಿ ಮಾಡಿದ ನಿಯಮ, ಗೃಹಸ್ಥರಾದ ನಮಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಆ ನಿಯಮಗಳ ಹಿಂದಿನ ಯೋಚನೆ ನಮ್ಮ ಬೀರುವಿನ ತನಕ ಬರುತ್ತದೆ. ಇಂದು ಅದನ್ನು ನೋಡೋಣ.

ಅಲ್ಲಿಗೆ ಹೋಗುವ ಮೊದಲು ನಮ್ಮದೇ ಒಂದು ಮಾತು ಆಗಬೇಕು. ಈಗ ಯೂಟ್ಯೂಬ್ ತೆರೆದರೆ ‘ಮಿನಿಮಲಿಸಂ’ ಹೆಸರಿನಲ್ಲಿ ಬೇಕಾದಷ್ಟು ಉಪದೇಶ ಸಿಗುತ್ತದೆ. ಒಂದು ವರ್ಷ ಮುಟ್ಟದ ಬಟ್ಟೆಯನ್ನು ಎಸೆಯಿರಿ, ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಹೇಳುವವರ ತಪ್ಪೇನಿಲ್ಲ. ಅವರ ಅಜ್ಜಿಯ ಕಾಲದಿಂದಲೂ ಪೆಟ್ಟಿಗೆ ತುಂಬ ಬಟ್ಟೆ ಇದ್ದಿರಬಹುದು. ನಮ್ಮ ಎಷ್ಟೋ ಅಜ್ಜಿಯರಿಗೆ ಇದ್ದದ್ದು ಎರಡು ಸೀರೆ, ಮೈಮೇಲೆ ಒಂದು, ಬೇಲಿಯ ಮೇಲೆ ಒಂದು. ಅಂಥ ಮನೆಯಿಂದ ಬಂದ ಹೆಣ್ಣುಮಗಳು ಮೂವತ್ತು ಸೀರೆ ಮಡಚಿ ಇಟ್ಟುಕೊಂಡು ಒಂದನ್ನೂ ಬಿಡಲಾರದೆ ನಿಂತರೆ ಅದನ್ನು ಬರೀ ದುರಾಸೆ ಎಂದು ಬೈದುಬಿಡುವುದು ಸುಲಭ. ಆ ಸೀರೆಗಳಲ್ಲಿ ದುರಾಸೆಗಿಂತ ಹೆಚ್ಚಾಗಿ ಹಳೆಯ ಭಯ ಇರುತ್ತದೆ. ನಾಳೆ ಮತ್ತೆ ಇಲ್ಲದೆ ಹೋದರೆ ಎಂಬ ಭಯ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ಚಂಡಾಲರು ಏನು ಉಡಬೇಕು ಎಂದು ವಿಧಿಸುತ್ತದೆ. ಸತ್ತವರ ಮೈಮೇಲಿನ ಬಟ್ಟೆಯೇ ಅವರ ಉಡುಪು, ಕಬ್ಬಿಣವೇ ಅವರ ಒಡವೆ. ಬಹಳ ಹಳೆಯ ಕಥೆ ಎನ್ನಬೇಡಿ. ಬಾಬಾಸಾಹೇಬರು 1936ರಲ್ಲಿ ಪ್ರಕಟಿಸಿದ ‘ಜಾತಿ ವಿನಾಶ’ದಲ್ಲಿ ಇಂದೋರ್ ಜಿಲ್ಲೆಯ ಬಲಾಯಿ ಜನರ ಮೇಲೆ 1928ರಲ್ಲಿ ಮೇಲ್ಜಾತಿಯವರು ಹೇರಿದ ಕಟ್ಟಳೆಗಳನ್ನು ಎತ್ತಿ ಬರೆದಿದ್ದಾರೆ. ಜರಿ ಅಂಚಿನ ಪೇಟ ಸುತ್ತಬಾರದು. ಬಣ್ಣದ ಅಂಚಿನ ಧೋತಿ ಉಡಬಾರದು. ಹೆಂಗಸರು ಚಿನ್ನ ಬೆಳ್ಳಿ ಹಾಕಬಾರದು, ಚೆಂದದ ಲಂಗ ಕುಪ್ಪಸ ತೊಡಬಾರದು. ಒಂದು ಧೋತಿಯ ಅಂಚಿಗೆ ಊರಿಗೆ ಊರೇ ಯಾಕೆ ಹೆದರಬೇಕು? ಬಟ್ಟೆ ನೋಡಿ ಮನುಷ್ಯನನ್ನು ಗುರುತಿಸುತ್ತಾರೆ, ಅದಕ್ಕೆ. ಗುರುತು ಅಳಿಸಿಹೋದರೆ ಜಾತಿ ನಡೆಸುವುದು ಕಷ್ಟವಾಗುತ್ತದೆ.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟದ್ದು ನಮಗೆಲ್ಲ ಗೊತ್ತು. ಅದೇ ಸಮ್ಮೇಳನದ ಸಂದರ್ಭದಲ್ಲಿ ಅವರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಸೀರೆಯ ಬಗ್ಗೆ ಮಾತಾಡಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನಿಮ್ಮನ್ನು ಅಸ್ಪೃಶ್ಯರೆಂದು ಗುರುತಿಸುವ ಉಡುಗೆ, ಒಡವೆ ಬಿಡಿ. ಸವರ್ಣ ಹೆಂಗಸರು ಹೇಗೆ ಉಡುತ್ತಾರೋ ಹಾಗೆ ನೀವೂ ಉಡಿ. ಬಟ್ಟೆಗೆ ತೇಪೆ ಇದ್ದರೂ ಚಿಂತೆಯಿಲ್ಲ, ಶುಭ್ರವಾಗಿರಲಿ. ಏನು ಉಡಬೇಕು, ಯಾವ ಲೋಹದ ಒಡವೆ ತೊಡಬೇಕು ಎಂಬ ನಿಮ್ಮ ಆಯ್ಕೆಗೆ ಅಡ್ಡಿ ಬರುವ ಹಕ್ಕು ಯಾರಿಗೂ ಇಲ್ಲ. ಅವರ ಮಾತಿನ ಸಾರ ಇದು. ಕೇಳಿದ ಹೆಂಗಸರು ತಡಮಾಡದೆ ಸೀರೆ ಉಡುವ ರೀತಿಯನ್ನೇ ಬದಲಿಸಿಕೊಂಡರು.

ಹಾಗಾಗಿ ನಮ್ಮ ಬೀರುವಿನಲ್ಲಿ ಒಂದು ಒಳ್ಳೆಯ ಕೋಟು, ಒಂದೆರಡು ರೇಷ್ಮೆ ಸೀರೆ ಇದ್ದರೆ ಧಮ್ಮಕ್ಕೆ ಕುಂದಿಲ್ಲ. 1950ರಲ್ಲಿ ಮಹಾಬೋಧಿ ಪತ್ರಿಕೆಗೆ ಬರೆದ ಲೇಖನದಲ್ಲಿ ಬಾಬಾಸಾಹೇಬರು ಇದನ್ನು ಖಚಿತವಾಗಿಯೇ ಹೇಳಿದ್ದಾರೆ. ಇದ್ದವರು ಇದ್ದುದನ್ನು ಬಿಡುವುದು ಒಳ್ಳೆಯದಿರಬಹುದು. ಆದರೆ ಬಡತನವನ್ನೇ ಪವಿತ್ರ ಎನ್ನುವ ಧರ್ಮ ಧರ್ಮವನ್ನೇ ಕೆಡಿಸುತ್ತದೆ ಎಂಬುದು ಅವರ ನಿಲುವು. ಬಿಡುವುದಕ್ಕೂ ಇಲ್ಲದಿರುವುದಕ್ಕೂ ಇರುವ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈಗ ವಿನಯಕ್ಕೆ ಬನ್ನಿ.

*ಗೋತಮಕ ಚೈತ್ಯದ ರಾತ್ರಿ*

ಬುದ್ಧರು ರಾಜಗೃಹದಿಂದ ವೈಶಾಲಿಗೆ ನಡೆದು ಹೋಗುತ್ತಿದ್ದರು. ದಾರಿಯಲ್ಲಿ ಬಹಳ ಭಿಕ್ಖುಗಳು ಬಟ್ಟೆಯ ಗಂಟು ಹೊತ್ತು ಬರುವುದು ಕಾಣಿಸಿತು. ತಲೆಯ ಮೇಲೊಂದು, ಹೆಗಲ ಮೇಲೊಂದು, ಸೊಂಟದಲ್ಲೊಂದು. ಮನೆ ಮಠ ಬಿಟ್ಟು ಬಂದವರು ಇಷ್ಟು ಬೇಗ ಬಟ್ಟೆಯ ರಾಶಿಗೆ ಜಾರಿಬಿಟ್ಟರಲ್ಲ, ಇದಕ್ಕೊಂದು ಮಿತಿ ಹಾಕಬೇಕು ಎಂದುಕೊಂಡರು.

ಮಿತಿ ಹೇಗೆ ಹಾಕಿದರು ಎಂಬುದೇ ಈ ಪಾಠದ ಜೀವ. ಕೂತಲ್ಲೇ ಒಂದು ಸಂಖ್ಯೆ ಹೇಳಲಿಲ್ಲ. ವೈಶಾಲಿಯ ಗೋತಮಕ ಚೈತ್ಯದಲ್ಲಿ ತಂಗಿದಾಗ, ಹಿಮ ಬೀಳುವ ಕಡುಚಳಿಯ ದಿನಗಳಲ್ಲಿ, ಒಂದು ರಾತ್ರಿ ಒಂದೇ ಚೀವರ ಹೊದ್ದು ಬಯಲಿನಲ್ಲಿ ಕುಳಿತರು. ಮೊದಲ ಜಾವ ಚಳಿ ಎನ್ನಿಸಲಿಲ್ಲ. ಜಾವ ಮುಗಿಯುವ ಹೊತ್ತಿಗೆ ಚಳಿ ಹಿಡಿಯಿತು, ಎರಡನೆಯದನ್ನು ಹೊದ್ದರು. ನಡುಜಾವ ಮುಗಿದಾಗ ಮತ್ತೆ ಚಳಿ, ಮೂರನೆಯದು. ಕೊನೆಯ ಜಾವ ಕಳೆದು ಬೆಳಕು ಹರಿಯುವಾಗ ಮತ್ತೆ ಚಳಿ, ನಾಲ್ಕನೆಯದು. ಬೆಳಿಗ್ಗೆ ಭಿಕ್ಖುಗಳನ್ನು ಕರೆದು ಹೇಳಿದರು. ಸುಖವಾಗಿ ಬೆಳೆದು ಬಂದ, ಚಳಿಗೆ ಅಂಜುವ ಕುಲಪುತ್ರರೂ ಮೂರು ಚೀವರದಲ್ಲಿ ಬದುಕಬಹುದು. ಅದರಲ್ಲಿ ಮೇಲ್ಹೊದಿಕೆಯಾದ ಸಂಘಾಟಿ ಎರಡು ಪದರದ್ದು. ಹಾಗೆ ನಾಲ್ಕು ಪದರ ಮೂರು ಬಟ್ಟೆಯಲ್ಲಿ ಬಂತು.

ಇಲ್ಲಿ ಗಮನಿಸಬೇಕಾದದ್ದು ಬಹಳ ಇದೆ. ಲೆಕ್ಕ ಹಾಕಿದ್ದು ತಮ್ಮದೇ ಮೈಯ ಮೇಲೆ, ವರ್ಷದ ಅತಿ ಕೆಟ್ಟ ರಾತ್ರಿಯಲ್ಲಿ. ಲೆಕ್ಕಕ್ಕೆ ಹಿಡಿದದ್ದು ಗಟ್ಟಿಮುಟ್ಟಾದವನನ್ನಲ್ಲ, ಚಳಿ ತಡೆಯಲಾರದವನನ್ನು. ಒಂದೇ ಬಟ್ಟೆಯಲ್ಲಿ ರಾತ್ರಿ ಪೂರ್ತಿ ಹಲ್ಲು ಕಚ್ಚಿ ಕುಳಿತು ತಪಸ್ಸು ಎನ್ನಿಸಿಕೊಳ್ಳಬಹುದಿತ್ತು, ಆ ಕಾಲದಲ್ಲಿ ಅದಕ್ಕೆ ಚಪ್ಪಾಳೆಯೂ ಸಿಗುತ್ತಿತ್ತು. ಒಬ್ಬ ಭಿಕ್ಖು ಬಂದು ಬೆತ್ತಲೆ ಇರುವುದೇ ಶ್ರೇಷ್ಠ, ಅದಕ್ಕೆ ಅಪ್ಪಣೆ ಕೊಡಿ ಎಂದಾಗ ಬುದ್ಧರು ಗದರಿಸಿ ಕಳಿಸಿದ ಪ್ರಸಂಗವೂ ಇದೇ ಅಧ್ಯಾಯದಲ್ಲಿದೆ. ದೇವದತ್ತ ಐದು ಕಟ್ಟುನಿಟ್ಟಿನ ನಿಯಮ ಬೇಡಿದನಲ್ಲ, ಅದರಲ್ಲೊಂದು ಎಲ್ಲ ಭಿಕ್ಖುಗಳೂ ಬದುಕಿರುವ ತನಕ ಚಿಂದಿ ಬಟ್ಟೆಯನ್ನೇ ಉಡಬೇಕು ಎಂಬುದು. ಅದನ್ನೂ ಒಪ್ಪಲಿಲ್ಲ. ಬೇಕಾದವರು ಚಿಂದಿ ಉಡಲಿ, ಬೇಕಾದವರು ಗೃಹಸ್ಥರು ಕೊಟ್ಟದ್ದನ್ನು ಉಡಲಿ ಎಂದೇ ಉಳಿಸಿದರು. ಬೆಲೆಬಾಳುವ ಬಟ್ಟೆಯನ್ನು ಮೊದಲು ತಂದುಕೊಟ್ಟು ಈ ದಾರಿ ತೆರೆದವನು ವೈದ್ಯ ಜೀವಕ.

ಚಿಂದಿ ಬಟ್ಟೆಯ ವಿಷಯದಲ್ಲಿ ಇನ್ನೊಂದು ಮಾತು. ಭಿಕ್ಖುಗಳ ಪಾಂಸುಕೂಲ ಎಂದರೆ ಕಸದಲ್ಲಿ, ಸ್ಮಶಾನದಲ್ಲಿ ಬಿದ್ದ ಬಟ್ಟೆಯನ್ನು ಆಯ್ದು, ಒಗೆದು, ಹೊಲಿದು ಮಾಡಿದ ಚೀವರ. ಮನುಸ್ಮೃತಿ ಚಂಡಾಲನಿಗೆ ವಿಧಿಸಿದ್ದೂ ಸ್ಮಶಾನದ ಬಟ್ಟೆಯೇ. ಬಟ್ಟೆ ಒಂದೇ, ಸ್ಮಶಾನವೂ ಒಂದೇ. ಒಂದನ್ನು ಹುಟ್ಟಿನಿಂದ ಹೇರಿದರು, ಇನ್ನೊಂದನ್ನು ಮನುಷ್ಯ ತಾನಾಗಿ ಆರಿಸಿಕೊಂಡ. ಹೂವಿನ ಕಸ ಗುಡಿಸುತ್ತಿದ್ದ ಸುನೀತರೂ, ಶಾಕ್ಯ ಕುಲದ ಆನಂದರೂ, ಕ್ಷೌರಿಕ ಉಪಾಲಿಯೂ ಉಟ್ಟದ್ದು ಒಂದೇ ಬಗೆಯ ಚೀವರ. ಬಟ್ಟೆ ನೋಡಿ ಯಾರು ಯಾರೆಂದು ಹೇಳಲಾಗದ ಜಾಗವೊಂದನ್ನು ಬುದ್ಧರು ಈ ನೆಲದಲ್ಲಿ ಮಾಡಿದರು. ಬಲಾಯಿ ಜನರ ಧೋತಿಯ ಅಂಚನ್ನು ನೆನೆದರೆ ಇದು ಎಷ್ಟು ದೊಡ್ಡ ಕೆಲಸ ಎಂದು ತಿಳಿಯುತ್ತದೆ.

ನಮ್ಮ ಬೀರುವಿಗೆ ಈ ರಾತ್ರಿಯನ್ನು ಹೇಗೆ ತರುವುದು? ‘ಬೇಕು’ ಎನ್ನುವುದನ್ನು ತಲೆಯಿಂದ ನಿರ್ಧರಿಸಬೇಡಿ, ಮೈಯಿಂದ ನಿರ್ಧರಿಸಿ. ಉಟ್ಟು ನೋಡಿ. ಬೀರುವನ್ನೆಲ್ಲ ಒಂದೇ ದಿನ ಮಂಚದ ಮೇಲೆ ಸುರಿದುಕೊಂಡರೆ ಸಂಜೆಗೆ ಸುಸ್ತಾಗಿ ಎಲ್ಲವನ್ನೂ ಮತ್ತೆ ತುರುಕುತ್ತೀರಿ. ದಿನಕ್ಕೆ ಒಂದು ಅರೆ ಸಾಕು. ಭಿಕ್ಖುಗಳು ಚೀವರ ತೊಡುವಾಗ ಯಾಕೆ ತೊಡುತ್ತೇನೆ ಎಂದು ಪ್ರತಿದಿನ ನೆನೆಯುತ್ತಾರೆ. ಚಳಿ, ಬಿಸಿಲು, ಗಾಳಿ ತಡೆಯಲು. ಸೊಳ್ಳೆ, ಹುಳಹುಪ್ಪಟೆಯಿಂದ ಕಾಯಲು. ಮಾನ ಮುಚ್ಚಲು. ಗೃಹಸ್ಥರಾದ ನಾವು ಇನ್ನೆರಡು ಸೇರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ದುಡಿಮೆಗೆ ಹೋಗಲು, ಮತ್ತು ನಾಲ್ಕು ಜನರ ನಡುವೆ ತಲೆ ಎತ್ತಿ ನಿಲ್ಲಲು. ಈ ಪಟ್ಟಿಯಲ್ಲಿ ಯಾವುದಕ್ಕಾದರೂ ಒದಗುವ ಬಟ್ಟೆ ಉಳಿಯಲಿ. ಇಂಟರ್‌ವ್ಯೂಗೆ ಹೋಗುವ ಮಗನ ಬಳಿ ಇಸ್ತ್ರಿ ಮಾಡಿದ ಎರಡು ಷರ್ಟು, ಒಂದು ಒಳ್ಳೆಯ ಪ್ಯಾಂಟು, ಪಾಲಿಶ್ ಮಾಡಿದ ಬೂಟು ಇರಬೇಕು. ಅದು ಶೋಕಿ ಅಲ್ಲ.

*ಹತ್ತು ದಿನದ ನಿಯಮ*

ಮೂರು ಚೀವರದ ಮಿತಿ ಆಯಿತು. ಹೆಚ್ಚುವರಿ ಬಟ್ಟೆ ಬಂದರೆ? ಆನಂದರಿಗೆ ಹಾಗೆ ಒಂದು ಬಂತು. ಅವರಿಗೆ ಅದನ್ನು ಸಾರಿಪುತ್ತರಿಗೆ ಕೊಡುವ ಆಸೆ. ಸಾರಿಪುತ್ತರು ಆಗ ಸಾಕೇತದಲ್ಲಿದ್ದರು. ಇಟ್ಟುಕೊಂಡರೆ ನಿಯಮ ಮುರಿದಂತೆ, ಬಿಟ್ಟರೆ ಸಾರಿಪುತ್ತರಿಗೆ ಕೊಟ್ಟಂತಾಗುವುದಿಲ್ಲ. ಬುದ್ಧರ ಬಳಿ ಹೇಳಿಕೊಂಡರು. ಅವರು ಕೇಳಿದ್ದು ಒಂದೇ, ಸಾರಿಪುತ್ತ ಬರಲು ಇನ್ನು ಎಷ್ಟು ದಿನ? ಒಂಬತ್ತೋ ಹತ್ತೋ ದಿನ ಎಂದರು ಆನಂದರು. ಹಾಗಾದರೆ ಹೆಚ್ಚುವರಿ ಚೀವರವನ್ನು ಹತ್ತು ದಿನದ ತನಕ ಇಟ್ಟುಕೊಳ್ಳಬಹುದು ಎಂದು ನಿಯಮವಾಯಿತು.

ಈ ಹತ್ತು ದಿನಕ್ಕೆ ಶಾಸ್ತ್ರದ ಕಾರಣವಿಲ್ಲ, ಮುಹೂರ್ತದ ಕಾರಣವಿಲ್ಲ. ಒಬ್ಬ ಗೆಳೆಯ ನಡೆದು ಬರಲು ಬೇಕಾದ ಸಮಯ ಅಷ್ಟೆ. ಕೊಡುವವನ ಮನಸ್ಸಿನಲ್ಲಿ ತೆಗೆದುಕೊಳ್ಳುವವರ ಮುಖ ಇತ್ತು, ನಿಯಮ ಆ ಮುಖಕ್ಕಾಗಿ ಬಾಗಿತು.

ನಮ್ಮ ಮನೆಗಳಲ್ಲಿ ಹೆಚ್ಚಿನ ಬಟ್ಟೆಗೆ ಏನಾಗುತ್ತದೆ? ‘ಯಾರಿಗಾದರೂ ಕೊಡೋಣ’ ಎಂದು ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳುತ್ತೇವೆ. ಆ ‘ಯಾರಾದರೂ’ ವರ್ಷವಾದರೂ ಬರುವುದಿಲ್ಲ. ಕೊನೆಗೊಂದು ದಿನ ಮನೆ ಸುಣ್ಣ ಬಳಿಯುವಾಗ ಆ ಚೀಲ ಬೆಳಿಗ್ಗೆ ಕಸ ತೆಗೆದುಕೊಳ್ಳಲು ಬರುವ ಪೌರಕಾರ್ಮಿಕ ಅಕ್ಕನ ಕೈಗೆ ಹೋಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಅಕ್ಕ ಬಹುಪಾಲು ನಮ್ಮವಳೇ. ಹಬ್ಬದ ಮರುದಿನ ಗೌಡರ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತು, ಮೇಲಿಂದ ಹಾಕಿದ ಹಳೆಯ ಪಂಚೆಯನ್ನು ಸೆರಗೊಡ್ಡಿ ಹಿಡಿದವರ ಮೊಮ್ಮಕ್ಕಳು ನಾವು. ವರ್ಷವಿಡೀ ಬಿಟ್ಟಿ ದುಡಿಮೆಗೆ ಆ ಪಂಚೆಯೇ ಕೂಲಿ ಎನ್ನಿಸಿಕೊಂಡದ್ದೂ ಉಂಟು. ಕೊಡುವವರು ಧರ್ಮ ಮಾಡಿದೆವು ಎಂದುಕೊಂಡರು. ತೆಗೆದುಕೊಂಡವರು ಬಗ್ಗಿ ನಿಲ್ಲುವುದನ್ನು ಕಲಿತರು. ಈಗ ನಮಗೆ ಮನೆ ಇದೆ, ಗೇಟು ಇದೆ. ಗೇಟಿನ ಒಳಗೆ ನಿಂತು ಗುಂಡಿ ಕಿತ್ತ ಷರ್ಟು, ಕಂಕುಳಲ್ಲಿ ಬೆವರಿನ ಕಲೆಯ ರವಿಕೆಯನ್ನು ಹೊರಗೆ ಚಾಚಿದರೆ ನಾವು ದಾನ ಮಾಡುತ್ತಿಲ್ಲ, ಗೌಡರ ಹಿತ್ತಿಲ ಬಾಗಿಲನ್ನು ನಮ್ಮ ಮನೆಗೆ ತಂದು ಕೂರಿಸುತ್ತಿದ್ದೇವೆ. ಕಟುವಾಗಿ ಹೇಳುತ್ತಿದ್ದೇನೆ ಅನ್ನಿಸಬಹುದು. ದಾನ ಎಂಬುದು ನಾವು ಪ್ರತಿ ಪೂರ್ಣಿಮೆಯಲ್ಲೂ ಓದುವ ಹತ್ತು ಪಾರಮಿತೆಗಳಲ್ಲಿ ಒಂದು. ಕಸ ಸಾಗಿಸುವುದಕ್ಕೆ ಆ ಹೆಸರು ಇಡುವುದು ಬೇಡ.

ಆದ್ದರಿಂದ ಆನಂದರ ರೀತಿ ಹೀಗೆ ಮಾಡಬಹುದು. ಕೊಡಬೇಕೆಂದ ಪ್ರತಿ ಬಟ್ಟೆಗೂ ಒಂದು ಹೆಸರು ಹಚ್ಚಿ. ಈ ಚೂಡಿದಾರ್ ಅಕ್ಕನ ಮಗಳಿಗೆ, ಕಾಲೇಜು ಸೇರಿದ್ದಾಳೆ. ಈ ಸ್ವೆಟರ್ ರಾತ್ರಿ ಪಾಳಿಯ ವಾಚ್‌ಮನ್ ಅಣ್ಣನಿಗೆ. ಚೀಟಿ ಬರೆದು ಪಿನ್ ಹಾಕಿದರೂ ಸರಿ. ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ, ಹತ್ತು ದಿನದೊಳಗೆ ಅವರ ಕೈ ಸೇರಬೇಕು. ಕೊಡುವ ಮೊದಲು ಕೇಳಬೇಕು, “ಹೀಗೊಂದು ಇದೆ, ನಿಮಗೆ ಆಗುತ್ತಾ?” ಎಂದು. ಬೇಡ ಎನ್ನುವ ಅವಕಾಶ ಅವರಿಗೆ ಇರಬೇಕು, ಬೇಡ ಎಂದರೆ ನಮ್ಮ ಮುಖ ಸಣ್ಣದಾಗಬಾರದು. ಹೆಸರು ಹೊಳೆಯದ ಬಟ್ಟೆ ಯಾವುದು ಎಂದು ನೋಡಿದರೆ ಹೆಚ್ಚಾಗಿ ಅದು ಯಾರಿಗೂ ಕೊಡಲು ಯೋಗ್ಯವಲ್ಲದ್ದೇ ಆಗಿರುತ್ತದೆ. ಅದಕ್ಕೆ ಬೇರೆ ದಾರಿ ಇದೆ.

*ಐನೂರು ಬಟ್ಟೆಯ ಲೆಕ್ಕ*

ಕೌಶಾಂಬಿಯಲ್ಲಿ ಉದೇನ ರಾಜನ ಅಂತಃಪುರದ ಹೆಂಗಸರು ಆನಂದರ ಉಪದೇಶ ಕೇಳಿ ಐನೂರು ಮೇಲ್ವಸ್ತ್ರ ಕೊಟ್ಟುಬಿಟ್ಟರು. ರಾಜನಿಗೆ ಸಿಟ್ಟು. ಈ ಶ್ರಮಣ ಬಟ್ಟೆ ಅಂಗಡಿ ಇಡುತ್ತಾನೋ ಏನು ಎಂದು ನೇರವಾಗಿ ಕೇಳಲು ಹೋದ. ಚುಲ್ಲವಗ್ಗದಲ್ಲಿರುವ ಆ ಪ್ರಶ್ನೋತ್ತರ ಬಹಳ ಸೊಗಸು. ಇಷ್ಟು ಬಟ್ಟೆ ಏನು ಮಾಡುತ್ತೀರಿ? ಬಟ್ಟೆ ಹರಿದಿರುವ ಭಿಕ್ಖುಗಳಿಗೆ ಹಂಚುತ್ತೇವೆ. ಅವರ ಹಳೆಯ ಬಟ್ಟೆ? ಹಾಸಿಗೆಯ ಮೇಲುಹೊದಿಕೆ ಮಾಡುತ್ತೇವೆ. ಹಳೆಯ ಮೇಲುಹೊದಿಕೆ? ಹಾಸಿಗೆಯ ಗವಸು. ಹಳೆಯ ಗವಸು? ನೆಲಹಾಸು. ಹಳೆಯ ನೆಲಹಾಸು? ಕಾಲೊರಸು. ಅದೂ ಹಳೆಯದಾದರೆ? ಧೂಳು ಒರೆಸುವ ಬಟ್ಟೆ. ಅದೂ ಆದಮೇಲೆ? ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಬಳಿಯುತ್ತೇವೆ. ರಾಜ ಸಂತೋಷಪಟ್ಟು ಇನ್ನೂ ಐನೂರು ಕೊಟ್ಟ.

ಉತ್ತರ ಕರ್ನಾಟಕದ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೌದಿ ಹೊಲಿಯುವ ಮನೆಯಲ್ಲಿ ಹಳೆಯ ಸೀರೆ ಎಂದೂ ಕಸವಾಗಿಲ್ಲ. ಅವ್ವನ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ ಎಲ್ಲ ಸೇರಿ ಒಂದು ಹೊದಿಕೆ ಆಗುತ್ತದೆ. ತುಂಡು ತುಂಡಾಗಿ ಕತ್ತರಿಸಿ, ಸಾಲು ಸಾಲಾಗಿ ಜೋಡಿಸಿ ಹೊಲಿಯುವ ಭಿಕ್ಖುವಿನ ಚೀವರಕ್ಕೂ ಕೌದಿಗೂ ನೋಡಲು ಕೂಡ ಹೋಲಿಕೆ ಇದೆ. ಚೀವರದ ಮಾದರಿ ಮಗಧದ ಹೊಲಗಳದ್ದು. ಬದು, ಪಟ್ಟೆ, ಅಡ್ಡಬದು ಇರುವ ಹೊಲವನ್ನು ತೋರಿಸಿ ಹೀಗೆ ಹೊಲಿಯಬಹುದೇ ಎಂದು ಬುದ್ಧರು ಕೇಳಿದರು, ಆನಂದರು ಹೊಲಿದರು. ಹಾಗಾಗಿ ಕೊಡಲಾಗದ ಹತ್ತಿ ಬಟ್ಟೆಯನ್ನು ಕೌದಿಗೆ, ದಿಂಬಿನ ಗವಸಿಗೆ, ಒರೆಸುವ ಬಟ್ಟೆಗೆ ತೆಗೆದಿಡಿ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಮಣ್ಣಿಗೂ ಸೇರುವುದಿಲ್ಲ. ಮುಂದಿನ ಸಲ ಕೊಳ್ಳುವಾಗಲೇ ಇದು ನೆನಪಿದ್ದರೆ ಒಳ್ಳೆಯದು.

*ಉಳಿಸಲೇಬೇಕಾದದ್ದು*

ಬಳಸದಿದ್ದರೂ ಉಳಿಸಬೇಕಾದ ಬಟ್ಟೆ ಇಲ್ಲವೇ? ಇದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬಿಳಿ ರೇಷ್ಮೆ ಧೋತಿ, ಬಿಳಿ ಕೋಟು ತೊಟ್ಟು ದೀಕ್ಷೆ ಪಡೆದರು. ಜನ ಬಿಳಿ ಬಟ್ಟೆಯಲ್ಲಿ ಬಂದು ಸೇರಿದರು. ಪಾಲಿಯಲ್ಲಿ ಗೃಹಸ್ಥ ಉಪಾಸಕನಿಗೆ ‘ಬಿಳಿ ವಸ್ತ್ರ ತೊಟ್ಟವನು’ ಎಂಬ ಹೆಸರೇ ಇದೆ. ನಿಮ್ಮ ತಂದೆ ತಾಯಿ ದೀಕ್ಷೆಯ ದಿನ ಉಟ್ಟ ಬಿಳಿ ಸೀರೆಯೋ ಪಂಚೆಯೋ ಟ್ರಂಕಿನಲ್ಲಿ ಇದ್ದರೆ ಅದು ಹಳದಿಯಾಗಿದ್ದರೂ ಇರಲಿ. ಅದು ದಾಖಲೆ. ನಮ್ಮ ಜನರ ಬಗ್ಗೆ ಬೇರೆಯವರು ಬರೆದಿಟ್ಟ ದಾಖಲೆ ಬೇಕಾದಷ್ಟಿದೆ, ನಾವೇ ಇಟ್ಟುಕೊಂಡದ್ದು ಕಡಿಮೆ. ಒಂದು ಚೀಟಿಯಲ್ಲಿ ಯಾರದ್ದು, ಯಾವ ಊರಲ್ಲಿ, ಯಾವ ದಿನ ಎಂದು ಬರೆದು ಬೇವಿನ ಎಲೆಯ ಜೊತೆ ಮಡಚಿಡಿ.

ಮದುವೆಯ ರೇಷ್ಮೆ ಸೀರೆಯ ಬಗ್ಗೆ ಕೆಲವರಿಗೆ ಅನುಮಾನ, ಅಹಿಂಸೆಗೆ ಒಪ್ಪುತ್ತದೆಯೇ ಎಂದು. ಭಿಕ್ಖುಗಳಿಗೆ ಒಪ್ಪಿದ ಆರು ಬಗೆಯ ಬಟ್ಟೆಗಳಲ್ಲಿ ರೇಷ್ಮೆಯೂ ಇದೆ. ಇದ್ದದ್ದನ್ನು ಉಡಿ, ಹೊಸದು ಕೊಳ್ಳುವುದು ನಿಮ್ಮ ವಿವೇಕಕ್ಕೆ ಬಿಟ್ಟದ್ದು.

ತೀರಿಕೊಂಡವರ ಬಟ್ಟೆಯ ಮಾತಿಗೆ ಬಂದರೆ ನಮ್ಮ ಮನೆಗಳಲ್ಲಿ ಇನ್ನೂ ಹಳೆಯ ಅಂಜಿಕೆ ಹೋಗಿಲ್ಲ. ಹೊಳೆಗೆ ಬಿಡಬೇಕು, ಮನೆಯಲ್ಲಿದ್ದರೆ ಕೇಡು ಎನ್ನುತ್ತಾರೆ. ಸ್ಮಶಾನದಲ್ಲಿ ಸಿಕ್ಕ ಬಟ್ಟೆಯನ್ನೇ ಒಗೆದು ಉಟ್ಟ ಪರಂಪರೆ ನಮ್ಮದು, ಯಾವ ಕೇಡೂ ಇಲ್ಲ. ಮಹಾವಗ್ಗದಲ್ಲಿ ಒಬ್ಬ ಭಿಕ್ಖು ಆಮಶಂಕೆಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದಾಗ ಬುದ್ಧರು ತಾವೇ ನೀರು ಹಾಕಿ, ಆನಂದರು ತೊಳೆದ ಪ್ರಸಂಗ ನಿಮಗೆ ನೆನಪಿರಬಹುದು. ಅದರ ಬೆನ್ನಿಗೇ ಬರುವ ನಿಯಮ ನೋಡಿ. ತೀರಿಹೋದ ಭಿಕ್ಖುವಿನ ಚೀವರ, ಪಾತ್ರೆ ಅವನ ಶುಶ್ರೂಷೆ ಮಾಡಿದವರಿಗೆ ಸೇರಬೇಕು. ಅಪ್ಪನ ಬಟ್ಟೆ ಹಂಚುವಾಗ ಹಿರಿಮಗ ಯಾರು ಎಂದು ನೋಡುವ ಬದಲು ಕೊನೆಯ ಆರು ತಿಂಗಳು ಅಪ್ಪನ ಬೆನ್ನು ಒರೆಸಿದ್ದು ಯಾರು ಎಂದು ನೋಡಿ. ಸೊಸೆಯಾಗಿದ್ದರೆ ಅವಳನ್ನೇ ಮೊದಲು ಕೇಳಿ, ಯಾವುದು ಬೇಕಮ್ಮ ಎಂದು.

ಮತ್ತೊಂದು ಮಾತು, ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಗಂಡ ತೀರಿಕೊಂಡ ಹನ್ನೊಂದನೆಯ ದಿನಕ್ಕೆ ನೆಂಟರು ಬಂದು ಆ ತಾಯಿಯ ಬೀರು ತೆರೆದು ಹಸಿರು, ಕೆಂಪು, ಹಳದಿ ಸೀರೆಗಳನ್ನು ‘ಇನ್ನು ನಿನಗ್ಯಾಕೆ’ ಎಂದು ತೆಗೆದುಹಾಕುವುದು ದೀಕ್ಷೆ ಪಡೆದ ಮನೆಗಳಲ್ಲೂ ನಡೆಯುತ್ತಿದೆ. ಅವಳ ಸೀರೆ ಅವಳದು. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಹೇಳುವವಳು ಅವಳೊಬ್ಬಳೇ. ಆ ಹೊತ್ತಿನಲ್ಲಿ ಬೀರುವಿನ ಮುಂದೆ ನಿಂತು ಬೇಡ ಎನ್ನುವ ಒಬ್ಬ ಮಗನೋ ಮಗಳೋ ಇದ್ದರೆ ಮಹಾಡದಲ್ಲಿ ಬಾಬಾಸಾಹೇಬರು ಆಡಿದ ಮಾತು ಆ ಮನೆಯಲ್ಲಿ ನಡೆದಂತೆ.

*ಅತ್ತಿ ಮರ*

ಕೊಳ್ಳುವ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕೋಲಿಯರ ದೀಘಜಾಣು ಬುದ್ಧರ ಬಳಿ ಬಂದು, ನಾವು ಸಂಸಾರಿಗಳು, ಕಾಶಿಯ ಗಂಧ ಪೂಸಿಕೊಳ್ಳುವವರು, ಹೂಮಾಲೆ ಹಾಕುವವರು, ನಮಗೆ ತಕ್ಕ ಧಮ್ಮ ಹೇಳಿ ಎಂದ. ಗಂಧ ಬಿಡು, ಮಾಲೆ ಬಿಡು ಎಂದು ಬುದ್ಧರು ಹೇಳಲಿಲ್ಲ. ತಾವೇ ಹಿಂದೆ ಕಾಶಿಯ ಬಟ್ಟೆಯನ್ನಲ್ಲದೆ ಬೇರೆ ಉಡದೆ ಬೆಳೆದವರು. ಅವರು ಹೇಳಿದ ನಾಲ್ಕು ಮಾತುಗಳಲ್ಲಿ ಕೊನೆಯದು ಸಮಜೀವಿತ, ಅಂದರೆ ಆದಾಯಕ್ಕೆ ತಕ್ಕ ಬದುಕು. ಸಣ್ಣ ಆದಾಯದವನು ದೊಡ್ಡ ಖರ್ಚು ಮಾಡಿದರೆ ಜನ ಅವನನ್ನು ಅತ್ತಿ ಹಣ್ಣು ತಿನ್ನುವವನು ಎನ್ನುತ್ತಾರೆ. ಮರ ಅಲುಗಿಸಿ ರಾಶಿ ಹಣ್ಣು ಉದುರಿಸಿ, ನಾಲ್ಕು ತಿಂದು ಉಳಿದದ್ದನ್ನು ಬಿಟ್ಟು ಹೋಗುವವನು ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ದೊಡ್ಡ ಆದಾಯವಿದ್ದೂ ಉಣ್ಣದೆ ಉಡದೆ ಇರುವವನಿಗೂ ಅಲ್ಲಿ ಹೊಗಳಿಕೆ ಇಲ್ಲ, ಅವನು ಅನಾಥನಂತೆ ಸಾಯುತ್ತಾನೆ ಎನ್ನುತ್ತಾರೆ. ಅನಾಥಪಿಂಡಿಕನಿಗೆ ಹೇಳಿದ ಗೃಹಸ್ಥನ ನಾಲ್ಕು ಸುಖಗಳಲ್ಲಿ ಸಾಲವಿಲ್ಲದಿರುವುದೂ ಒಂದು. ಮೊಬೈಲಿನಲ್ಲಿ ಆಫರ್ ಬಂದಾಗ, ಮದುವೆ ಸೀರೆಗೆ ಸಂಘದ ಸಾಲ ಎತ್ತುವಾಗ ಆ ಅತ್ತಿ ಮರವನ್ನು ಒಮ್ಮೆ ನೆನೆಯಿರಿ.

*ಭಾನುವಾರದ ಕೂಟಕ್ಕೆ*

ಈ ವಾರ ಒಂದೇ ಒಂದು ಅರೆ ತೆಗೆದು ನೋಡಿ. ಹೆಸರು ಹಚ್ಚಿದ ಬಟ್ಟೆ ಎಷ್ಟಾಯಿತು, ಅದರಲ್ಲಿ ಹತ್ತು ದಿನದೊಳಗೆ ಕೈ ಸೇರುವುದು ಎಷ್ಟು ಎಂದು ಬರೆದುಕೊಂಡು ಬನ್ನಿ. ಹೆಸರು ಹೇಳುವುದು ಬೇಡ, ತೆಗೆದುಕೊಂಡವರಿಗೆ ಮುಜುಗರವಾಗಬಾರದು. ಮನೆಯಲ್ಲಿ ದೀಕ್ಷೆಯ ದಿನದ ಬಟ್ಟೆ ಇದ್ದವರು ತಂದು ತೋರಿಸಿ. ಹಿರಿಯರಿದ್ದರೆ ಅವರನ್ನೂ ಕರೆತನ್ನಿ, ಅವರ ಬಾಲ್ಯದಲ್ಲಿ ಊರಿನಲ್ಲಿ ಯಾರು ಏನು ಉಡಬಾರದಿತ್ತು ಎಂದು ಕೇಳಿ ಬರೆದುಕೊಳ್ಳೋಣ. ಕೌದಿ ಹೊಲಿಯಲು ಬರುವ ಇಬ್ಬರು ತಾಯಂದಿರು ಕಲಿಸಲು ಒಪ್ಪಿದ್ದಾರೆ. ಸೂಜಿ, ದಾರ, ಹಳೆಯ ಹತ್ತಿ ಸೀರೆ ನೀವೇ ತರಬೇಕು.

ನಾಳಿನ ಓದು: ದೀಘಜಾಣು ಸುತ್ತದ ಮೊದಲ ಭಾಗ.

ನಮೋ ಬುದ್ಧಾಯ. ಜೈ ಭೀಮ್. 🙏